ಇಸ್ರಾಯೇಲ್ ಮತ್ತು ಯೆಹೂದ ರಾಜ್ಯಗಳ ಪತನ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿ.ಪೂ. 720ರ ಆಸುಪಾಸಿನಲ್ಲಿ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಅಸ್ಸೀರಿಯನ್ನರ ಕೈಸೇರಿತು. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನ ಸೈನ್ಯ ಯೆಹೂದದ ರಾಜಧಾನಿ ಯೆರೂಸಲೇಮನ್ನು ಸುಟ್ಟಿತು. ಈ ಎರಡು ಘಟನೆಗಳ ಬಗ್ಗೆ ಓದುಗರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಅರಸರ ಮತ್ತು ಊರುಗಳ ಹೆಸರುಗಳು ಹೆಚ್ಚಾಗಿ ಕನ್ನಡ ಬೈಬಲಿನಲ್ಲಿರುವಂತೆಯೇ ಇವೆ. ಅಸ್ಸೀರಿಯ, ಬ್ಯಾಬಿಲೋನ್, ಈಜಿಪ್ಟ್‌ಗಳನ್ನು ಮಾತ್ರ ಇತಿಹಾಸದ ಪಠ್ಯಪುಸ್ತಕಗಳಂತೆ ಬರೆದಿದ್ದೇನೆ.

ದಾವೀದ, ಸೊಲೊಮೋನರ ರಾಜ್ಯ ಒಂದೇ ಆಗಿತ್ತಲ್ಲ? ಎರಡಾದದ್ದು ಹೇಗೆ?

ಬೈಬಲಿನ ಪ್ರಕಾರ ಸೊಲೊಮೋನ ಸತ್ತ ಮೇಲೆ, ಸುಮಾರು ಕ್ರಿ.ಪೂ. 930ರಲ್ಲಿ, ಉತ್ತರದ ಕುಲಗಳು ಅವನ ಮಗ ರೆಹಬ್ಬಾಮನ ಬಳಿ ಬಿಟ್ಟಿ ದುಡಿಮೆಯ ಹೊರೆ ಇಳಿಸಬೇಕೆಂದು ಕೇಳಿಕೊಂಡವು. ಅವನು ಹಿರಿಯರ ಮಾತು ಬಿಟ್ಟು ತನ್ನ ವಯಸ್ಸಿನ ಗೆಳೆಯರ ಮಾತು ಕೇಳಿ ಒರಟಾಗಿ ಉತ್ತರಿಸಿದ. ಉತ್ತರದವರು ಯಾರೊಬ್ಬಾಮನನ್ನು ಅರಸನನ್ನಾಗಿ ಮಾಡಿಕೊಂಡು ಬೇರೆಯಾದರು. ಅಲ್ಲಿಂದ ಮುಂದೆ ಉತ್ತರದ್ದು ಇಸ್ರಾಯೇಲ್, ದಕ್ಷಿಣದ್ದು ಯೆಹೂದ. ಅದಕ್ಕೂ ಮೊದಲಿನ ಸಂಯುಕ್ತ ರಾಜ್ಯ ಎಷ್ಟು ವಿಶಾಲವಾಗಿತ್ತು ಎಂಬ ಬಗ್ಗೆ ಪುರಾತತ್ತ್ವಜ್ಞರ ನಡುವೆ ಬಿಸಿಬಿಸಿ ಜಗಳವೇ ಇದೆ. ಪತನದ ಕಥೆಗೆ ಆ ಜಗಳ ಬೇಕಿಲ್ಲ. ಬೇಕಾದದ್ದು ಭೂಪಟ. ಈಜಿಪ್ಟಿನಿಂದ ಮೆಸೊಪೊಟೇಮಿಯಕ್ಕೆ ಹೋಗುವ ದಾರಿ ಈ ನಾಡನ್ನು ಹಾದುಹೋಗುತ್ತಿತ್ತು. ಎರಡೂ ಕಡೆಯ ಚಕ್ರವರ್ತಿಗಳಿಗೆ ಈ ದಾರಿಯ ಮೇಲೆ ಕಣ್ಣು.

ಬೈಬಲನ್ನು ಬಿಟ್ಟು ಬೇರೆ ಆಧಾರಗಳಿವೆಯೇ?

ಬೇಕಾದಷ್ಟಿವೆ. ಪ್ರಾಚೀನ ಇತಿಹಾಸದಲ್ಲಿ ಸೋತವರ ಬರಹವೂ ಗೆದ್ದವರ ಬರಹವೂ ಒಟ್ಟಿಗೆ ಉಳಿದುಬಂದ ಅಪರೂಪದ ಪ್ರಕರಣ ಇದು. ಅಸ್ಸೀರಿಯದ ಮೂರನೆಯ ಶಲ್ಮನೆಸೆರನ ಶಾಸನ ಕ್ರಿ.ಪೂ. 853ರ ಕರ್ಕರ್ ಯುದ್ಧದಲ್ಲಿ ಇಸ್ರಾಯೇಲಿನ ಅಹಾಬ 2,000 ರಥಗಳನ್ನೂ 10,000 ಕಾಲಾಳುಗಳನ್ನೂ ತಂದಿದ್ದನೆಂದು ಹೇಳುತ್ತದೆ. ರಥಗಳ ಲೆಕ್ಕ ಉತ್ಪ್ರೇಕ್ಷೆ ಎನ್ನುವವರಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಅದೇ ದೊರೆಯ ಕಪ್ಪು ಸ್ತಂಭದ ಮೇಲೆ ಇಸ್ರಾಯೇಲಿನ ಯೇಹು ಅರಸನ ಹೆಸರಿನಲ್ಲಿ ಒಬ್ಬ ವ್ಯಕ್ತಿ ನೆಲಕ್ಕೆ ಹಣೆಹಚ್ಚಿ ಕಾಣಿಕೆ ಒಪ್ಪಿಸುವ ಚಿತ್ರವಿದೆ. ಮೋವಾಬಿನ ಮೇಷನ ಶಾಸನ, ‘ದಾವೀದನ ಮನೆತನ’ ಎಂಬ ಉಲ್ಲೇಖವಿರುವ ತೇಲ್ ದಾನ್ ಶಾಸನ, ಬ್ಯಾಬಿಲೋನಿನ ವೃತ್ತಾಂತ ಫಲಕಗಳು ಇದಕ್ಕೆ ಸೇರುತ್ತವೆ.

ಇವುಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅಸ್ಸೀರಿಯದ ಅರಸ ತನ್ನ ಶಾಸನದಲ್ಲಿ ಎಂದೂ ಸೋಲುವುದಿಲ್ಲ. ಬೈಬಲಿನ ಅರಸುಗಳ ಗ್ರಂಥವಾದರೋ ಪ್ರತಿಯೊಬ್ಬ ಅರಸನಿಗೂ ದೇವರ ಮುಂದೆ ಅಂಕ ಕೊಡುತ್ತದೆ, ಬಹುತೇಕರನ್ನು ನಪಾಸು ಮಾಡುತ್ತದೆ. ಇಬ್ಬರೂ ಒಪ್ಪುವ ಸಂಗತಿಗಳ ಮೇಲೆ ನಿಂತು ಉಳಿದದ್ದನ್ನು ತೂಗಬೇಕು.

ಉತ್ತರದ ಇಸ್ರಾಯೇಲ್ ದೊಡ್ಡದು, ಶ್ರೀಮಂತವಾದದ್ದು. ಅದೇ ಮೊದಲು ಬಿದ್ದದ್ದೇಕೆ?

ಶ್ರೀಮಂತವಾಗಿದ್ದುದರಿಂದಲೇ. ಇಜ್ರೇಲಿನ ಬಯಲು, ಎಣ್ಣೆ ಮತ್ತು ದ್ರಾಕ್ಷಾರಸ, ಫೆನೀಷಿಯದ ಬಂದರುಗಳ ಸಂಪರ್ಕ, ವ್ಯಾಪಾರದ ದಾರಿ ಎಲ್ಲವೂ ಉತ್ತರದ್ದು. ಯೆಹೂದ ಕಲ್ಲುಗುಡ್ಡಗಳ ನಾಡು. ಸೈನ್ಯ ಕಳಿಸುವಷ್ಟು ಲಾಭ ಅಲ್ಲಿರಲಿಲ್ಲ.

ಎರಡನೆಯ ಯಾರೊಬ್ಬಾಮನ ಕಾಲದಲ್ಲಿ, ಎಂಟನೆಯ ಶತಮಾನದ ಮೊದಲ ಅರ್ಧದಲ್ಲಿ, ಸಮಾರ್ಯ ಏಳಿಗೆಯ ತುದಿಯಲ್ಲಿತ್ತು. ಅಲ್ಲಿ ಸಿಕ್ಕಿರುವ ದಂತದ ಕೆತ್ತನೆಗಳನ್ನು ನೋಡಿದರೆ, ದಂತದ ಮಂಚಗಳ ಮೇಲೆ ಒರಗಿಕೊಂಡವರನ್ನು ಪ್ರವಾದಿ ಆಮೋಸ ಬೈದದ್ದು ಸುಮ್ಮನೆ ಅಲ್ಲ ಎಂದು ತಿಳಿಯುತ್ತದೆ. ಯಾರೊಬ್ಬಾಮ ಸತ್ತ ಮೇಲೆ ಸುಮಾರು 25 ವರ್ಷಗಳಲ್ಲಿ ಆರು ಮಂದಿ ಸಿಂಹಾಸನ ಏರಿದರು. ಅವರಲ್ಲಿ ನಾಲ್ವರನ್ನು ಅವರ ನಂತರ ಪಟ್ಟಕ್ಕೆ ಬಂದವರೇ ಕೊಂದರು. ಶಲ್ಲೂಮ ಆಳಿದ್ದು ಒಂದೇ ತಿಂಗಳು. ಹೊರಗೆ ಅಸ್ಸೀರಿಯ ತನ್ನ ಇತಿಹಾಸದಲ್ಲೇ ಅತ್ಯಂತ ಬಲಿಷ್ಠವಾಗುತ್ತಿದ್ದಾಗ ಒಳಗೆ ನಡೆಯುತ್ತಿದ್ದದ್ದು ಇದು.

ಅಸ್ಸೀರಿಯ ಒಂದೇ ಏಟಿಗೆ ರಾಜ್ಯಗಳನ್ನು ನುಂಗಿಹಾಕುತ್ತಿತ್ತೇ?

ಇಲ್ಲ. ಮೂರನೆಯ ತಿಗ್ಲತ್ಪಿಲೆಸೆರನ (ಕ್ರಿ.ಪೂ. 745–727) ಕಾಲದಿಂದ ಅದಕ್ಕೆ ಒಂದು ಕ್ರಮವಿತ್ತು. ಮೊದಲು ಕಪ್ಪ. ಕಪ್ಪ ತಪ್ಪಿಸಿದರೆ ನಾಡಿನ ಒಂದು ಭಾಗ ಕಿತ್ತುಕೊಂಡು, ಹೇಳಿದಂತೆ ಕೇಳುವವನನ್ನು ಗದ್ದುಗೆಗೆ ಕೂರಿಸುವುದು. ಮತ್ತೆ ತಿರುಗಿಬಿದ್ದರೆ ರಾಜ್ಯವನ್ನೇ ಅಳಿಸಿ ಪ್ರಾಂತ್ಯ ಮಾಡುವುದು, ಜನರನ್ನು ಸಾಗಿಸುವುದು.

ಇಸ್ರಾಯೇಲ್ ಈ ಮೂರು ಮೆಟ್ಟಿಲುಗಳನ್ನೂ ಇಪ್ಪತ್ತು ವರ್ಷಗಳೊಳಗೆ ಇಳಿಯಿತು. ಅರಸ ಮೆನಹೇಮ 1,000 ತಲಾಂತು ತೂಕದ ಬೆಳ್ಳಿ ಕೊಟ್ಟ. ಅದಕ್ಕಾಗಿ ಪ್ರತಿ ಸಿರಿವಂತನಿಂದ 50 ಶೆಕೆಲ್ ವಸೂಲಿ ಮಾಡಿದ. ತಲಾಂತಿಗೆ 3,000 ಶೆಕೆಲ್ ಎಂದು ಲೆಕ್ಕ ಹಾಕಿದರೆ 60,000 ಮನೆಗಳ ಮೇಲೆ ಬಿದ್ದ ತೆರಿಗೆ ಅದು. ಆಮೇಲೆ ಅರಸನಾದ ಪೆಕಹ ದಮಸ್ಕದ ಅರಸ ರೆಚೀನನ ಜೊತೆ ಸೇರಿ ಅಸ್ಸೀರಿಯದ ವಿರುದ್ಧ ಕೂಟ ಕಟ್ಟಿದ. ಕೂಟಕ್ಕೆ ಸೇರದ ಯೆಹೂದದ ಮೇಲೆ ಇಬ್ಬರೂ ದಂಡೆತ್ತಿ ಹೋದರು. ಯೆಹೂದದ ಆಹಾಜ ದೇವಾಲಯದ ಬೆಳ್ಳಿಬಂಗಾರ ಕೊಟ್ಟು ಅಸ್ಸೀರಿಯವನ್ನೇ ನೆರವಿಗೆ ಕರೆದ. ಕ್ರಿ.ಪೂ. 732ರ ವೇಳೆಗೆ ದಮಸ್ಕ ಬಿತ್ತು, ಗಲಿಲಾಯ ಮತ್ತು ಗಿಲ್ಯಾದ್ ಅಸ್ಸೀರಿಯದ ಪಾಲಾದವು. ಪೆಕಹನನ್ನು ಕೊಂದ ಹೋಶೇಯ ಸಮಾರ್ಯದ ಸುತ್ತಲಿನ ಬೆಟ್ಟನಾಡಿಗೆ ಮಾತ್ರ ಅರಸನಾದ. ಅಸ್ಸೀರಿಯ ಬರಲು ಆಹಾಜನೇ ಕಾರಣ ಎಂದು ಕೆಲವರು ದೂರುತ್ತಾರೆ. ನನಗೆ ಅದು ಅನ್ಯಾಯವೆನ್ನಿಸುತ್ತದೆ. ತಿಗ್ಲತ್ಪಿಲೆಸೆರನಿಗೆ ಆಮಂತ್ರಣಪತ್ರ ಬೇಕಿರಲಿಲ್ಲ.

ಸಮಾರ್ಯವನ್ನು ಹಿಡಿದವನು ಶಲ್ಮನೆಸೆರನೋ ಸರ್ಗೋನನೋ?

ಇಬ್ಬರಿಗೂ ಪಾಲಿದೆ. ತಿಗ್ಲತ್ಪಿಲೆಸೆರ ಸತ್ತ ಮೇಲೆ ಹೋಶೇಯ ಈಜಿಪ್ಟಿಗೆ ದೂತರನ್ನು ಕಳಿಸಿ ಕಪ್ಪ ನಿಲ್ಲಿಸಿದ. ಐದನೆಯ ಶಲ್ಮನೆಸೆರ ಅವನನ್ನು ಸೆರೆಹಿಡಿದು ಸಮಾರ್ಯಕ್ಕೆ ಮುತ್ತಿಗೆ ಹಾಕಿದ. ಮೂರು ವರ್ಷದ ಮುತ್ತಿಗೆ ಎನ್ನುತ್ತದೆ ಬೈಬಲ್. ಬ್ಯಾಬಿಲೋನಿನ ವೃತ್ತಾಂತವೂ ಶಲ್ಮನೆಸೆರ ಸಮಾರ್ಯವನ್ನು ಹಾಳುಗೆಡವಿದನೆಂದು ಬರೆದಿದೆ. ಕ್ರಿ.ಪೂ. 722ರಲ್ಲಿ ಅವನು ಸತ್ತು ಎರಡನೆಯ ಸರ್ಗೋನ ಪಟ್ಟಕ್ಕೆ ಬಂದ. ಆಗ ಎದ್ದ ದಂಗೆಯಲ್ಲಿ ಸಮಾರ್ಯವೂ ಸೇರಿತ್ತು. 720ರಲ್ಲಿ ಸರ್ಗೋನ ಅದನ್ನು ಅಡಗಿಸಿದ. 27,290 ಮಂದಿಯನ್ನು ಸಾಗಿಸಿದೆ ಎಂದು ಅವನ ಅರಮನೆಯ ಗೋಡೆಬರಹ ಹೇಳುತ್ತದೆ. ಪುಸ್ತಕಗಳಲ್ಲಿ 722 ಎಂದೂ 720 ಎಂದೂ ಎರಡು ವರ್ಷ ಕಾಣಿಸುವುದು ಇದಕ್ಕೇ.

ಉತ್ತರದ ರಾಜ್ಯದ ‘ಕಳೆದುಹೋದ ಹತ್ತು ಕುಲಗಳು’ ಎಲ್ಲಿಗೆ ಹೋದವು?

ಈ ಪ್ರಶ್ನೆಗೆ ಪ್ರಪಂಚದ ಪ್ರತಿ ಮೂಲೆಯಿಂದಲೂ ಒಂದೊಂದು ಉತ್ತರ ಬಂದಿದೆ. ದಾಖಲೆಗಳು ಹೇಳುವುದು ಇಷ್ಟು: ಜನರನ್ನು ಹಾಬೋರ್ ನದಿಯ ತೀರದ ಗೋಜಾನಿಗೆ, ಹಲಹಕ್ಕೆ, ಮೇದ್ಯರ ಪಟ್ಟಣಗಳಿಗೆ ಕಳಿಸಲಾಯಿತು. ಸಮಾರ್ಯದ ರಥಸೈನಿಕರದೇ ಒಂದು ತುಕಡಿ ಅಸ್ಸೀರಿಯದ ಸೈನ್ಯದಲ್ಲಿ ದುಡಿಯಿತು. ಎರಡು ಮೂರು ತಲೆಮಾರಿನಲ್ಲಿ ಅವರ ವಂಶಸ್ಥರು ಸುತ್ತಲಿನ ಅರಾಮಿಕ್ ಮಾತಾಡುವ ಜನರೊಳಗೆ ಬೆರೆತರು. ಸಾಗಿಸಿದ್ದರ ಉದ್ದೇಶವೇ ಅದು.

ಎಲ್ಲರೂ ಹೋಗಲೂ ಇಲ್ಲ. ಹಲವರು ದಕ್ಷಿಣಕ್ಕೆ ಓಡಿ ಬಂದರು; ಯೆರೂಸಲೇಮ್ ಆ ಹೊತ್ತಿಗೆ ಹಲವು ಪಟ್ಟು ಬೆಳೆದುದಕ್ಕೆ ಅದು ಒಂದು ಕಾರಣವೆಂದು ಬಹಳಷ್ಟು ಪುರಾತತ್ತ್ವಜ್ಞರು ಭಾವಿಸುತ್ತಾರೆ. ಊರಲ್ಲೇ ಉಳಿದವರೂ ಇದ್ದರು. ಇಂದಿಗೂ ಗೆರಿಜ್ಜೀಮ್ ಬೆಟ್ಟದ ಮೇಲೆ ಪಸ್ಕ ಹಬ್ಬದ ಕುರಿ ಬಲಿಕೊಡುವ ಕೆಲವೇ ನೂರು ಸಮಾರ್ಯರು ತಾವು ಆ ಉಳಿದವರ ಸಂತತಿ ಎನ್ನುತ್ತಾರೆ.

ಮಿಜೋರಾಂ, ಮಣಿಪುರದಲ್ಲಿ ಅವರ ವಂಶಸ್ಥರಿದ್ದಾರಂತೆ, ನಿಜವೇ?

‘ಬ್ನೈ ಮೆನಾಶೆ’ ಎಂಬ ಸಮುದಾಯ ತಾನು ಆ ಹತ್ತರಲ್ಲೊಂದಾದ ಮನಸ್ಸೆ ಕುಲದ್ದೆಂದು ನಂಬುತ್ತದೆ. 2005ರಲ್ಲಿ ಇಸ್ರೇಲಿನ ಸೆಫಾರ್ಡಿ ಪ್ರಧಾನ ರಬ್ಬಿ ಆ ನಂಬಿಕೆಗೆ ಮನ್ನಣೆ ಕೊಟ್ಟರು. ಆದರೂ ಅಲ್ಲಿಗೆ ವಲಸೆ ಹೋಗುವವರು ವಿಧಿವತ್ತಾಗಿ ಮತಾಂತರವಾಗಬೇಕು. ಸಾವಿರಾರು ಮಂದಿ ಹೋಗಿದ್ದಾರೆ. ಅವರ ಧಾರ್ಮಿಕ ಶ್ರದ್ಧೆ ಪ್ರಶ್ನಾತೀತ. ಆದರೆ ಕ್ರಿ.ಪೂ. ಎಂಟನೆಯ ಶತಮಾನದ ಸಮಾರ್ಯಕ್ಕೂ ಈ ಬೆಟ್ಟಗಳಿಗೂ ನಡುವಿನ ದಾರಿಯನ್ನು ತೋರಿಸುವ ಐತಿಹಾಸಿಕ ದಾಖಲೆ ಇಲ್ಲ.

ಕ್ರಿ.ಪೂ. 701ರಲ್ಲಿ ಯೆರೂಸಲೇಮ್ ಉಳಿದದ್ದು ಹೇಗೆ?

ಈ ಇತಿಹಾಸದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು. ಉತ್ತರ ಸ್ವಲ್ಪ ಉದ್ದವಾಗುತ್ತದೆ.

705ರಲ್ಲಿ ಸರ್ಗೋನ ಯುದ್ಧದಲ್ಲಿ ಸತ್ತ. ಅವನ ಶವವೂ ಸಿಗಲಿಲ್ಲ. ಸಾಮ್ರಾಜ್ಯದ ಎಲ್ಲ ಮೂಲೆಗಳಲ್ಲಿ ಕಪ್ಪ ನಿಂತಿತು. ಯೆಹೂದದ ಹಿಜ್ಕೀಯನೂ ನಿಲ್ಲಿಸಿದ, ಅಸ್ಸೀರಿಯಕ್ಕೆ ನಿಷ್ಠನಾಗಿದ್ದ ಎಕ್ರೋನಿನ ಅರಸ ಪಾದಿಯನ್ನು ಯೆರೂಸಲೇಮಿನಲ್ಲಿ ಸೆರೆಯಿಟ್ಟ. ಏನಾಗಲಿದೆಯೆಂದು ಅವನಿಗೆ ಗೊತ್ತಿತ್ತು. ಸುಮಾರು ಏಳು ಮೀಟರ್ ದಪ್ಪದ ಕೋಟೆಗೋಡೆ ಎಬ್ಬಿಸಿದ. ಗೀಹೋನ್ ಬುಗ್ಗೆಯ ನೀರು ಕೋಟೆಯೊಳಗೆ ಬರುವಂತೆ ಬಂಡೆಯಲ್ಲಿ 533 ಮೀಟರ್ ಸುರಂಗ ಕೊರೆಸಿದ. ಎರಡು ಕಡೆಯಿಂದ ಕೊರೆಯುತ್ತ ಬಂದ ಕೆಲಸಗಾರರು ಒಬ್ಬರಿಗೊಬ್ಬರು ಕೂಗುವ ದನಿ ಕೇಳಿಸಿಕೊಂಡು, ಗುದ್ದಲಿಗೆ ಗುದ್ದಲಿ ತಾಗುವಂತೆ ಕೂಡಿದ ಕ್ಷಣವನ್ನು ಒಳಗಿನ ಬಂಡೆಯ ಮೇಲೆ ಕೆತ್ತಿದ್ದಾರೆ. ಅದರಲ್ಲಿ ಯಾವ ಅರಸನ ಹೆಸರೂ ಇಲ್ಲ.

ಸರ್ಗೋನನ ಮಗ ಸನ್ಹೇರೀಬ ಬಂದ. 46 ಕೋಟೆಯೂರುಗಳನ್ನು ಹಿಡಿದೆ, 2,00,150 ಮಂದಿಯನ್ನು ಹೊರತಂದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ ಎಂದು ಬರೆಸಿದ. ಎರಡು ಲಕ್ಷದ ಲೆಕ್ಕವನ್ನು ಹೆಚ್ಚಿನ ವಿದ್ವಾಂಸರು ನಂಬುವುದಿಲ್ಲ. ಗಮನಿಸಬೇಕಾದದ್ದು ಅವನು ಹೇಳದೆ ಬಿಟ್ಟ ಮಾತು: ಯೆರೂಸಲೇಮನ್ನು ಹಿಡಿದೆ ಎಂದು ಅವನು ಎಲ್ಲೂ ಹೇಳಿಲ್ಲ.

ಬೈಬಲ್ ಈ ಸಂದರ್ಭದ ಒಂದು ನಾಟಕೀಯ ದೃಶ್ಯವನ್ನು ಉಳಿಸಿದೆ. ಅಸ್ಸೀರಿಯದ ಅಧಿಕಾರಿ ರಬ್ಷಾಕೆ ಕೋಟೆಯ ಹೊರಗೆ ನಿಂತು ಗಟ್ಟಿಯಾಗಿ ಹೀಬ್ರೂವಿನಲ್ಲೇ ಮಾತಾಡುತ್ತಾನೆ. ಗೋಡೆಯ ಮೇಲಿನ ಜನರಿಗೆ ಅರ್ಥವಾಗದಿರಲಿ, ಅರಾಮಿಕ್‌ನಲ್ಲಿ ಮಾತಾಡು ಎಂದು ಹಿಜ್ಕೀಯನ ಅಧಿಕಾರಿಗಳು ಬೇಡಿಕೊಳ್ಳುತ್ತಾರೆ. ಅವನು ಇನ್ನೂ ಗಟ್ಟಿಯಾಗಿ ಹೀಬ್ರೂವಿನಲ್ಲಿ ಕೂಗುತ್ತಾನೆ. ಈಜಿಪ್ಟನ್ನು ನಂಬುವುದೆಂದರೆ ಜಜ್ಜಿದ ದಂಟಿನ ಮೇಲೆ ಊರಿಕೊಂಡಂತೆ, ಅದು ಊರಿದವನ ಕೈಗೇ ಚುಚ್ಚುತ್ತದೆ ಎಂಬುದು ಅವನ ಮಾತಿನ ಸಾರ. ಶತ್ರುವಿನ ಬಾಯಲ್ಲಿ ಬಂದರೂ, ಹೋಶೇಯನಿಂದ ಯೆಹೂದದ ಕೊನೆಯ ಅರಸ ಚಿದ್ಕೀಯನವರೆಗೆ ನಡೆದದ್ದಕ್ಕೆ ಇದಕ್ಕಿಂತ ಚುರುಕಾದ ವಿಶ್ಲೇಷಣೆ ನಾನು ಬೇರೆಲ್ಲೂ ಓದಿಲ್ಲ.

ಕೊನೆಗೆ ಏಕೆ ಹಿಂತಿರುಗಿದ? ಯೆಹೋವನ ದೂತ ಒಂದೇ ರಾತ್ರಿ 1,85,000 ಸೈನಿಕರನ್ನು ಸಂಹರಿಸಿದ ಎನ್ನುತ್ತದೆ ಬೈಬಲ್. ಈಜಿಪ್ಟಿನ ಗಡಿಯಲ್ಲಿ ಇಲಿಗಳು ಸನ್ಹೇರೀಬನ ಸೈನ್ಯದ ಬಿಲ್ಲಿನ ಹಗ್ಗ ಕಡಿದವೆಂಬ ಕಥೆಯನ್ನು ಹೆರೊಡೋಟಸ್ ಹೇಳುತ್ತಾನೆ. ಇದನ್ನು ಹಿಡಿದು ರೋಗ ಹರಡಿರಬೇಕೆಂದು ಊಹಿಸುವವರಿದ್ದಾರೆ. ಆದರೆ ಹಿಜ್ಕೀಯ ದಂಡ ತೆತ್ತ ಎಂಬುದನ್ನು ಎರಡೂ ಕಡೆಯ ಬರಹ ಒಪ್ಪುತ್ತವೆ. ಚಿನ್ನ 30 ತಲಾಂತು ಎಂಬ ಅಂಕಿ ಕೂಡ ಎರಡರಲ್ಲೂ ಒಂದೇ. ಬೆಳ್ಳಿ ಬೈಬಲಿನಲ್ಲಿ 300, ಶಾಸನದಲ್ಲಿ 800. ದೇವಾಲಯದ ಬಾಗಿಲುಗಳ ಚಿನ್ನದ ತಗಡನ್ನೂ ಕಿತ್ತು ಕೊಡಬೇಕಾಯಿತು. ಯೆಹೂದದ ಫಲವತ್ತಾದ ತಪ್ಪಲು ಪ್ರದೇಶ ಹಾಳಾಯಿತು. ಇದನ್ನು ಗೆಲುವೆಂದು ಕರೆಯುವುದು ಕಷ್ಟ. ಆದರೂ ನಗರ ಉಳಿಯಿತು, ಯೆರೂಸಲೇಮ್ ಎಂದೂ ಬೀಳುವುದಿಲ್ಲವೆಂಬ ನಂಬಿಕೆ ಬೇರೂರಿತು. ನೂರು ವರ್ಷದ ಮೇಲೆ ಆ ನಂಬಿಕೆ ದುಬಾರಿಯಾಯಿತು.

ಲಾಕೀಷಿನ ಬಗ್ಗೆ ಇಷ್ಟು ಮಾತೇಕೆ?

ಲಾಕೀಷ್ 701ರಲ್ಲಿ ಸನ್ಹೇರೀಬ ಹಿಡಿದ ಯೆಹೂದದ ಕೋಟೆಯೂರು. ಒಂದೇ ಮುತ್ತಿಗೆಗೆ ಮೂರು ಬಗೆಯ ಸಾಕ್ಷ್ಯ ಅಲ್ಲಿದೆ. ಬೈಬಲಿನಲ್ಲಿ ಹೆಸರಿದೆ, ನಿನೆವೆಯ ಅರಮನೆಯ ಒಂದು ಕೋಣೆಯ ಗೋಡೆಗಳ ಮೇಲೆ ಸನ್ಹೇರೀಬ ಕೆತ್ತಿಸಿದ ಚಿತ್ರಗಳಿವೆ, ಉತ್ಖನನದಲ್ಲಿ ಕೋಟೆಗೆ ಏರಲು ಅಸ್ಸೀರಿಯನ್ನರು ಒಟ್ಟಿದ ಕಲ್ಲಿನ ಇಳಿಜಾರು ದಾರಿ, ಬಾಣದ ಮೊನೆಗಳು, ಕವಣೆಕಲ್ಲುಗಳು ಸಿಕ್ಕಿವೆ. ಚಿತ್ರದಲ್ಲಿ ಗೋಡೆ ಬಡಿಯುವ ಯಂತ್ರದ ಮೇಲೆ ಒಬ್ಬ ಸೈನಿಕ ಸೌಟಿನಿಂದ ನೀರು ಸುರಿಯುತ್ತಿದ್ದಾನೆ, ಮೇಲಿನಿಂದ ಬೀಳುವ ಪಂಜುಗಳಿಗೆ ಅದು ಹೊತ್ತಿಕೊಳ್ಳದಂತೆ. ಪಕ್ಕದಲ್ಲೇ ಎತ್ತಿನ ಗಾಡಿಯಲ್ಲಿ ಗಂಟುಮೂಟೆ ಹೇರಿಕೊಂಡು ಸೆರೆಹೋಗುವ ಸಂಸಾರಗಳು.

ಅಸ್ಸೀರಿಯವೇ ಬಿದ್ದ ಮೇಲೆ ಯೆಹೂದ ನಿರಾಳವಾಗಬೇಕಿತ್ತಲ್ಲವೇ?

ಸ್ವಲ್ಪ ಕಾಲ ಆಯಿತು ಕೂಡ. ಯೋಷೀಯ (ಕ್ರಿ.ಪೂ. 640–609) ಆ ಬಿಡುವಿನಲ್ಲಿ ದೇವಾಲಯವನ್ನು ದುರಸ್ತಿ ಮಾಡಿಸಿ, ಆರಾಧನೆಯನ್ನು ಯೆರೂಸಲೇಮಿಗೇ ಸೀಮಿತಗೊಳಿಸಿದ. 612ರಲ್ಲಿ ಮೇದ್ಯರೂ ಬ್ಯಾಬಿಲೋನಿನವರೂ ಸೇರಿ ನಿನೆವೆಯನ್ನು ಕೆಡವಿದರು. ಅಸ್ಸೀರಿಯದ ಕೊನೆಯ ಪಡೆಗಳ ನೆರವಿಗೆ ಹೊರಟ ಈಜಿಪ್ಟಿನ ನೆಕೋ 609ರಲ್ಲಿ ಮೆಗಿದ್ದೋವಿನಲ್ಲಿ ಯೋಷೀಯನನ್ನು ಕೊಂದ. ಅಲ್ಲಿಂದ ಮುಂದೆ ಯೆಹೂದಕ್ಕೆ ಸ್ವಂತ ನಿರ್ಧಾರವೆಂಬುದು ಹೆಚ್ಚು ಉಳಿಯಲಿಲ್ಲ. ಜನ ಆರಿಸಿದ ಯೆಹೋವಾಹಾಜನನ್ನು ನೆಕೋ ಮೂರೇ ತಿಂಗಳಲ್ಲಿ ಕೆಳಗಿಳಿಸಿ ಯೆಹೋಯಾಕೀಮನನ್ನು ಕೂರಿಸಿದ. 605ರಲ್ಲಿ ಕರ್ಕೆಮೀಷಿನಲ್ಲಿ ಬ್ಯಾಬಿಲೋನಿನ ನೆಬೂಕದ್ನೆಚ್ಚರ ಈಜಿಪ್ಟನ್ನು ಸೋಲಿಸಿದ್ದರಿಂದ ಯೆಹೋಯಾಕೀಮ ಬ್ಯಾಬಿಲೋನಿಗೆ ಕಪ್ಪ ಕೊಡತೊಡಗಿದ. 601ರಲ್ಲಿ ಈಜಿಪ್ಟಿನ ಗಡಿಯಲ್ಲಿ ನೆಬೂಕದ್ನೆಚ್ಚರನಿಗೆ ಪೆಟ್ಟು ಬಿದ್ದಾಗ ಕಪ್ಪ ನಿಲ್ಲಿಸಿದ. ಹೋಶೇಯ ಮಾಡಿದ ಲೆಕ್ಕಾಚಾರವೇ ಇದು, ಹೆಸರು ಮಾತ್ರ ಬೇರೆ.

ಕ್ರಿ.ಪೂ. 597 ಮತ್ತು 586: ಎರಡು ಸಲ ಬಿತ್ತೇ?

ಹೌದು. ಮೊದಲನೆಯದು ಶರಣಾಗತಿ. ಯೆಹೋಯಾಕೀಮ ಅಷ್ಟರಲ್ಲಿ ಸತ್ತಿದ್ದ. ಹದಿನೆಂಟರ ಹರೆಯದ ಮಗ ಯೆಹೋಯಾಖೀನ ಮೂರು ತಿಂಗಳು ಆಳಿ ಬಾಗಿಲು ತೆರೆದ. ಬ್ಯಾಬಿಲೋನಿನ ವೃತ್ತಾಂತ ನೆಬೂಕದ್ನೆಚ್ಚರನ ಏಳನೆಯ ವರ್ಷ, ಅದಾರ್ ತಿಂಗಳ ಎರಡನೆಯ ದಿನವೆಂದು ಬರೆದಿದೆ. ನಮ್ಮ ಲೆಕ್ಕದಲ್ಲಿ 597ರ ಮಾರ್ಚ್ 16. ಅರಸ, ರಾಜಮಾತೆ, ಸೈನಿಕರು, ಕಮ್ಮಾರರು ಸೆರೆಹೋದರು. ನಗರ ಉಳಿಯಿತು. ಚಿಕ್ಕಪ್ಪ ಚಿದ್ಕೀಯ ಅರಸನಾದ.

ಎರಡನೆಯದು ನಾಶ. ಚಿದ್ಕೀಯ ಈಜಿಪ್ಟಿನ ಭರವಸೆಯ ಮೇಲೆ ತಿರುಗಿಬಿದ್ದ. ಮುತ್ತಿಗೆಯ ನಡುವೆ ಈಜಿಪ್ಟಿನ ಸೈನ್ಯ ಹೊರಟು ಬಂದದ್ದೂ ನಿಜ, ಬ್ಯಾಬಿಲೋನಿನವರು ಕೆಲಕಾಲ ಹಿಂದೆ ಸರಿದದ್ದೂ ನಿಜ. ಅವರು ಮತ್ತೆ ಬಂದರು, ಈಜಿಪ್ಟ್ ಬರಲಿಲ್ಲ. ಒಳಗೆ ರೊಟ್ಟಿ ಮುಗಿದಿತ್ತು. ಗೋಡೆ ಒಡೆದ ರಾತ್ರಿ ಚಿದ್ಕೀಯ ಓಡಿದ. ಯೆರಿಕೋವಿನ ಬಯಲಿನಲ್ಲಿ ಸಿಕ್ಕಿಬಿದ್ದ. ರಿಬ್ಲದಲ್ಲಿ ಅವನ ಕಣ್ಣೆದುರೇ ಮಕ್ಕಳನ್ನು ಕೊಂದು, ಆಮೇಲೆ ಕಣ್ಣು ಕಿತ್ತರು. ತಿಂಗಳೊಳಗೆ ಬ್ಯಾಬಿಲೋನಿನ ಅಧಿಕಾರಿ ನೆಬೂಜರದಾನ ದೇವಾಲಯ, ಅರಮನೆ, ಮನೆಗಳಿಗೆ ಬೆಂಕಿಯಿಟ್ಟ. ಯೆಹೂದ್ಯರು ಇಂದಿಗೂ ಆವ್ ತಿಂಗಳ ಒಂಬತ್ತರಂದು ಉಪವಾಸವಿದ್ದು ಬೈಬಲಿನ ‘ಪ್ರಲಾಪಗಳು’ ಗ್ರಂಥವನ್ನು ಓದುತ್ತಾರೆ.

ವರ್ಷ 587ರೋ 586ರೋ ಎಂಬುದು ಅರಸರ ಆಳ್ವಿಕೆಯ ವರ್ಷವನ್ನು ವಸಂತದಿಂದ ಎಣಿಸಬೇಕೋ ಶರತ್ಕಾಲದಿಂದಲೋ ಎಂಬುದರ ಮೇಲೆ ನಿಂತಿದೆ. ಬ್ಯಾಬಿಲೋನಿನ ವೃತ್ತಾಂತದಲ್ಲಿ ಆ ವರ್ಷಗಳ ಭಾಗ ಉಳಿದಿಲ್ಲ.

ಆ ಬೆಂಕಿಯ ಗುರುತು ಏನಾದರೂ ಸಿಕ್ಕಿದೆಯೇ?

ಸುಟ್ಟ ಮನೆಗಳು, ಬಾಣದ ಮೊನೆಗಳು, ಬೂದಿಯ ಪದರ ಸಿಕ್ಕಿವೆ. ದಾವೀದನ ಪಟ್ಟಣವೆಂದು ಕರೆಯುವ ಭಾಗದ ಒಂದು ಮನೆಯಲ್ಲಿ ಐವತ್ತಕ್ಕೂ ಹೆಚ್ಚು ಮಣ್ಣಿನ ಮುದ್ರೆಗಳಿದ್ದವು. ಅವು ಕಟ್ಟಿದ್ದ ಸುರುಳಿಗಳು ಉರಿದುಹೋದವು, ಹಸಿಮಣ್ಣಿನ ಮುದ್ರೆಗಳು ಅದೇ ಬೆಂಕಿಯಲ್ಲಿ ಬೆಂದು ಗಟ್ಟಿಯಾಗಿ ಉಳಿದವು. ಒಂದರ ಮೇಲೆ ‘ಶಾಫಾನನ ಮಗ ಗೆಮರ್ಯ’ ಎಂದಿದೆ. ಪ್ರವಾದಿ ಯೆರೆಮೀಯನ ಸುರುಳಿಯನ್ನು ಯೆಹೋಯಾಕೀಮ ಚಾಕುವಿನಿಂದ ಕತ್ತರಿಸಿ ಅಗ್ಗಿಷ್ಟಿಕೆಗೆ ಎಸೆಯುವಾಗ ಬೇಡವೆಂದವರಲ್ಲಿ ಆ ಹೆಸರಿನ ಅಧಿಕಾರಿಯೂ ಇದ್ದ.

ಯೆರೆಮೀಯ ದೇಶದ್ರೋಹಿಯೇ?

ಅವನ ಕಾಲದ ಅಧಿಕಾರಿಗಳಿಗೆ ಹಾಗೇ ಕಂಡಿತು. ಮುತ್ತಿಗೆಯ ನಡುವೆ ನಿಂತು ‘ಶರಣಾಗಿ, ಬದುಕಿಕೊಳ್ಳುತ್ತೀರಿ’ ಎನ್ನುವವನು ಸೈನಿಕರ ಕೈ ಸೋಲಿಸುತ್ತಾನೆ ಎಂದು ಅವನನ್ನು ಕೆಸರುಬಾವಿಗೆ ಇಳಿಸಿದರು. ಅರಮನೆಯ ಕೂಷ್ ದೇಶದವನೊಬ್ಬ, ಎಬೆದ್ಮೆಲೆಕ, ಹಗ್ಗ ಉಜ್ಜದಿರಲೆಂದು ಕಂಕುಳಿಗೆ ಹಳೆಬಟ್ಟೆ ಇಟ್ಟುಕೊಳ್ಳಲು ಹೇಳಿ ಮೇಲೆತ್ತಿದ. ರಾಜಕೀಯವಾಗಿ ಯೆರೆಮೀಯನ ಲೆಕ್ಕ ಸರಿಯಿತ್ತು: ಕಪ್ಪ ಕೊಡುವ ರಾಜ್ಯ ಉಳಿಯುತ್ತಿತ್ತು. ಹಿಜ್ಕೀಯನ ಮಗ ಮನಸ್ಸೆ ಅಸ್ಸೀರಿಯಕ್ಕೆ ತಲೆಬಾಗಿ, ಬೈಬಲಿನ ಲೆಕ್ಕದಲ್ಲಿ 55 ವರ್ಷ ಆಳಿದ. ಬೈಬಲ್ ಅವನನ್ನು ಅತಿ ಕೆಟ್ಟ ಅರಸನೆನ್ನುತ್ತದೆ, ಅವನ ಕಾಲದಲ್ಲಿ ಯೆರೂಸಲೇಮಿಗೆ ಮುತ್ತಿಗೆ ಬಿದ್ದ ಸುದ್ದಿಯಿಲ್ಲ.

ಇಡೀ ಯೆಹೂದವೇ ಸೆರೆಹೋಯಿತೇ?

ಇಲ್ಲ. ಯೆರೆಮೀಯನ ಗ್ರಂಥದ ಕೊನೆಯ ಅಧ್ಯಾಯ ಮೂರು ಕಂತುಗಳಲ್ಲಿ 3,023, 832, 745, ಒಟ್ಟು 4,600 ಮಂದಿ ಎನ್ನುತ್ತದೆ. ಅರಸುಗಳ ಗ್ರಂಥ ಮೊದಲ ಕಂತಿಗೇ 10,000 ಎನ್ನುತ್ತದೆ. ಹೇಗೆ ಎಣಿಸಿದರೂ ಹೋದವರು ಅರಮನೆಯವರು, ಯಾಜಕರು, ಕುಶಲಕರ್ಮಿಗಳು, ಪಟ್ಟಣಿಗರು. ಬಡವರಿಗೆ ದ್ರಾಕ್ಷಿತೋಟ, ಹೊಲ ಕೊಟ್ಟು ಅಲ್ಲೇ ಬಿಟ್ಟರು. ಮಿಚ್ಪದಲ್ಲಿ ಗೆದಲ್ಯನನ್ನು ಅಧಿಪತಿಯಾಗಿ ನೇಮಿಸಿದರು. ರಾಜವಂಶದ ಇಷ್ಮಾಯೇಲ ಊಟದ ಮನೆಯಲ್ಲೇ ಅವನನ್ನು ಕೊಂದ. ಹೆದರಿದ ಜನ ಯೆರೆಮೀಯನನ್ನೂ ಎಳೆದುಕೊಂಡು ಈಜಿಪ್ಟಿಗೆ ಓಡಿದರು.

ಬ್ಯಾಬಿಲೋನಿನವರು ಸಮಾರ್ಯದಲ್ಲಿ ಅಸ್ಸೀರಿಯನ್ನರು ಮಾಡಿದಂತೆ ಪರನಾಡಿನವರನ್ನು ತಂದು ಯೆಹೂದದಲ್ಲಿ ನೆಲೆಗೊಳಿಸಲಿಲ್ಲ. ಸಾಗಿಸಿದವರನ್ನು ಒಂದೊಂದು ಕಡೆ ಗುಂಪಾಗಿಯೇ ಇರಿಸಿದರು. ಎರಡು ರಾಜ್ಯಗಳ ಜನರ ಮುಂದಿನ ಗತಿ ಬೇರೆಬೇರೆಯಾಗಲು ನನ್ನ ಪ್ರಕಾರ ಮುಖ್ಯ ಕಾರಣ ಇದೇ.

ಸೆರೆಯಲ್ಲಿ ಅವರು ಹೇಗೆ ಬದುಕಿದರು?

137ನೆಯ ಕೀರ್ತನೆ ನದೀತೀರದಲ್ಲಿ ಕುಳಿತು ಅತ್ತದ್ದನ್ನು ಹೇಳುತ್ತದೆ. ಮಣ್ಣಿನ ಫಲಕಗಳು ಕಂದಾಯ ಕಟ್ಟಿದ್ದನ್ನು ಹೇಳುತ್ತವೆ. ಬ್ಯಾಬಿಲೋನಿಯದಲ್ಲಿ ‘ಆಲ್-ಯಹೂದು’, ಅಂದರೆ ಯೆಹೂದದ ಊರು, ಎಂಬ ಹಳ್ಳಿಯ ಹತ್ತಾರು ವರ್ಷಗಳ ದಾಖಲೆಗಳಿವೆ. ಅವರು ಅಲ್ಲಿ ಬಾರ್ಲಿ, ಖರ್ಜೂರ ಬೆಳೆದರು, ಸಾಲ ಕೊಟ್ಟರು, ತಂದರು, ಆಸ್ತಿ ಹಂಚಿಕೊಂಡರು. ಬ್ಯಾಬಿಲೋನಿನ ಅರಮನೆಯ ಪಡಿತರ ಫಲಕಗಳಲ್ಲಿ ಯೆಹೂದದ ಅರಸ ಯೆಹೋಯಾಖೀನನಿಗೂ ಅವನ ಐವರು ಮಕ್ಕಳಿಗೂ ಕೊಟ್ಟ ಎಣ್ಣೆಯ ಲೆಕ್ಕವಿದೆ. ಅರಸುಗಳ ಗ್ರಂಥದ ಕೊನೆಯ ಸಾಲುಗಳೂ ಇದೇ ಸೆರೆಯರಸನಿಗೆ ದಿನದಿನವೂ ಸಿಕ್ಕ ಊಟದ ಬಗ್ಗೆ.

ದಶಾಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪೆಟ್ಟಿಗೆ, ಒಡಂಬಡಿಕೆಯ ಮಂಜೂಷ, ಏನಾಯಿತು?

ಬ್ಯಾಬಿಲೋನಿನವರು ದೇವಾಲಯದಿಂದ ಒಯ್ದ ಸಾಮಾನುಗಳ ಪಟ್ಟಿಯಲ್ಲಿ ತಾಮ್ರದ ಕಂಬಗಳು, ಬಟ್ಟಲು, ಸೌಟುಗಳವರೆಗೆ ಎಲ್ಲವೂ ಇದೆ, ಮಂಜೂಷದ ಹೆಸರಿಲ್ಲ. ಉಳಿದದ್ದೆಲ್ಲ ಸಿನಿಮಾ.

ರಾಜ್ಯ ಮತ್ತೆ ಕಟ್ಟಲ್ಪಟ್ಟಿತೇ?

ಕ್ರಿ.ಪೂ. 539ರಲ್ಲಿ ಪರ್ಷಿಯದ ಕೋರೆಷ ಬ್ಯಾಬಿಲೋನನ್ನು ಗೆದ್ದ. ಮರಳಲು ಇಷ್ಟಪಟ್ಟವರು ಮರಳಿದರು. ಅಲ್ಲೇ ಹೊಲಮನೆ ಮಾಡಿಕೊಂಡ ಬಹುಮಂದಿ ಬರಲಿಲ್ಲ. 515ರ ವೇಳೆಗೆ ಎರಡನೆಯ ದೇವಾಲಯ ಮುಗಿಯಿತು. ಅರಸ ಮಾತ್ರ ಇರಲಿಲ್ಲ. ಯೆಹೂದ ಪರ್ಷಿಯದ ಒಂದು ಪ್ರಾಂತ್ಯ. ಸ್ವಂತ ಅರಸರು ಬಂದದ್ದು ಕ್ರಿ.ಪೂ. ಎರಡನೆಯ ಶತಮಾನದ ಕೊನೆಗೆ, ಹಸ್ಮೋನಿಯರ ಕಾಲದಲ್ಲಿ. ಅವರು ದಾವೀದನ ವಂಶದವರಲ್ಲ, ಯಾಜಕರ ಮನೆತನದವರು. ಕ್ರಿ.ಪೂ. 63ರಲ್ಲಿ ಅಣ್ಣತಮ್ಮಂದಿರಿಬ್ಬರು ಪಟ್ಟಕ್ಕಾಗಿ ಕಿತ್ತಾಡುತ್ತ ತೀರ್ಪಿಗೆಂದು ರೋಮಿನ ಪಾಂಪೆಯ ಬಳಿ ಹೋದರು. ಪಾಂಪೆ ಸೈನ್ಯದೊಂದಿಗೆ ಯೆರೂಸಲೇಮಿಗೆ ಬಂದ.

ಈ ವಸ್ತುಗಳನ್ನೆಲ್ಲ ಎಲ್ಲಿ ನೋಡಬಹುದು?

ಯೇಹುವಿನ ಕಪ್ಪು ಸ್ತಂಭ, ಲಾಕೀಷಿನ ಕೆತ್ತನೆಗಳು, 597ರ ವೃತ್ತಾಂತ ಫಲಕ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಮೇಷನ ಶಾಸನ ಪ್ಯಾರಿಸಿನ ಲೂವ್ರ್‌ನಲ್ಲಿ, ಯೆಹೋಯಾಖೀನನ ಪಡಿತರ ಫಲಕಗಳು ಬರ್ಲಿನ್‌ನಲ್ಲಿ, ತೇಲ್ ದಾನ್ ಶಾಸನ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ. ಸುರಂಗದ ಶಾಸನ 1880ರಲ್ಲಿ, ಆ ನಾಡು ಆಟೊಮನ್ನರ ಕೈಯಲ್ಲಿದ್ದಾಗ ಸಿಕ್ಕಿದ್ದರಿಂದ ಇಸ್ತಾಂಬುಲ್ ಸೇರಿದೆ. ಸುರಂಗ ಅಲ್ಲೇ ಇದೆ. ಟಿಕೆಟ್ ಕೊಂಡು, ಟಾರ್ಚ್ ಹಿಡಿದು, ನೀರಿನಲ್ಲಿ ಕಾಲಿಟ್ಟುಕೊಂಡು ಈ ತುದಿಯಿಂದ ಆ ತುದಿಗೆ ನಡೆಯಬಹುದು.